ಅಣ್ಣ ಬರೆದ ಶಹಾಪುರದ ಗುಡ್ಡ

ಅಪ್ಪ ಸುರಪುರದಲ್ಲಿ ದೇವರ ಚಿತ್ರ ಬರೆಯುತ್ತಿದ್ದರು. ಬಂಗಾರದ ರೇಕು ಹಚ್ಚಿ, ಅಳಿಲಿನ ಕೂದಲಿನ ಕುಂಚದಿಂದ ದೇವಿಯ ಕಣ್ರೆಪ್ಪೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಅಣ್ಣನನ್ನು ಹೈದರಾಬಾದಿಗೆ ಚಿತ್ರ ಕಲಿಯಲು ಕಳಿಸಿದ್ದೂ ಅವರೇ. ಕಲಿತು ಬಂದವನು ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾ, ನಿಮ್ಮ ದೇವರಿಗೆಲ್ಲಾ ಒಂದ ಮುಖ ಅದ" ಅಂದುಬಿಟ್ಟ. ಅಪ್ಪ ಎದ್ದು ಕೈ ತೊಳೆದುಕೊಂಡರು. ಅಲ್ಲಿಂದ ಅವರಿಬ್ಬರ ನಡುವೆ ಮಾತಿಲ್ಲ. ಅವ್ವ ಇರಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನಾನೇ ಇಬ್ಬರಿಗೂ ಬಡಿಸುತ್ತಿದ್ದೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದೆ.

ಅಣ್ಣನಿಗೆ ಶಹಾಪುರದ ಗುಡ್ಡವನ್ನು ದೊಡ್ಡದಾಗಿ ಬಣ್ಣದಲ್ಲಿ ಬರೆಯುವ ಆಸೆ. ಅದಕ್ಕೂ ಮೊದಲು ಪೆನ್ಸಿಲಿನ ತಯಾರಿ. ಚಿಕ್ಕಮ್ಮನ ಮನೆಗೆಂದು ಶಹಾಪುರಕ್ಕೆ ಹೋದಾಗ ನನ್ನನ್ನೂ ಕೆರೆಯ ಏರಿಗೆ ಕರೆದುಕೊಂಡು ಹೋದ. ದೂರದಿಂದ ನೋಡಿದವರಿಗೆ ಆ ಗುಡ್ಡ ಮಲಗಿದ ಮನುಷ್ಯನಂತೆ ಕಾಣುತ್ತದೆ. ಅಣ್ಣನ ಹಾಳೆಯಲ್ಲಿ ಮನುಷ್ಯನಿರಲಿಲ್ಲ. ಬರೀ ಮುರಿದ ಗೆರೆಗಳು, ಚೂಪು ತುಂಡುಗಳು, ಅವುಗಳೊಳಗೆ ಅಂಕಿಗಳು, ಮೇಲಿಂದ ಓರೆಯಾಗಿ ಇಳಿದ ಬಾಣಗಳು.

"ಗುಡ್ಡ ಎಲ್ಲದಣ್ಣಾ?" ಅಂದೆ.

"ಬಾಣ ಅಂದ್ರ ಬಿಸಲು ಬೀಳೋ ಕಡಿ. ಅಂಕಿ ಅಂದ್ರ ಯಾವ ಕಲ್ಲು ಎಷ್ಟು ಕಪ್ಪು ಅಂತ. ಬಣ್ಣ ಹಚ್ಚೋ ಮುಂದ ನನಗ ನೆನಪಿರಬೇಕಲ್ಲ? ಗುಡ್ಡ ಅಲ್ಲೇ ಅದ. ಸುಮ್ನ ನೋಡು."

ನೋಡುತ್ತ ಕೂತೆ. ಬರಬರುತ್ತ ಆ ತುಂಡುಗಳಿಗೆ ಭಾರ ಬಂತು, ಬಂಡೆಯ ಮೇಲೆ ಬಂಡೆ ಕೂತಂತಾಯಿತು. ಮಲಗಿದ ಮನುಷ್ಯ ಎಂದು ಚಿಕ್ಕಂದಿನಿಂದ ಕೇಳಿ ಕೇಳಿ, ಅದು ಕಲ್ಲೆಂಬುದನ್ನೇ ನಾನು ಮರೆತಿದ್ದೆ.

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ಗಡಿಯಾಚೆ ಮುದ್ದೇಬಿಹಾಳದ ಕಡೆಯಿಂದ ಹೋರಾಟಗಾರರು ಬಂದು ಸುಂಕದ ನಾಕಾಗಳಿಗೆ ಬೆಂಕಿ ಇಡುತ್ತಿದ್ದರು. ಪೊಲೀಸರಿಗೆ ಎಲ್ಲರ ಮೇಲೂ ಗುಮಾನಿ. ಸುರಪುರಕ್ಕೆ ಮರಳುವಾಗ ದಾರಿಯಲ್ಲಿ ಗಾಡಿ ತಡೆದು ಗಂಟು ಬಿಚ್ಚಿಸಿದರು. ಆ ಹಾಳೆ ಸಿಕ್ಕಿತು. ಅಣ್ಣನನ್ನು ಕಚೇರಿಗೆ ಎಳೆದೊಯ್ದರು.

ಮರುದಿನ ನಾನು ರೊಟ್ಟಿ ಕಟ್ಟಿಕೊಂಡು ಅಪ್ಪನ ಜೊತೆ ಹೋದೆ. ಪೊಲೀಸ್ ಅಮೀನ ಹಾಳೆಯನ್ನು ಮೇಜಿನ ಮೇಲೆ ಹರವಿದ್ದ. ಅಣ್ಣ ಗೋಡೆಗೆ ಒರಗಿ ನಿಂತಿದ್ದ, ತುಟಿ ಒಡೆದಿತ್ತು.

"ಬಿಸಲಿಗಿ ಬಾಣ ಹಾಕೀನಂತಾನ ನಿಮ್ಮ ಮಗ. ಇದು ಗುಡ್ಡ ಹತ್ತೋ ದಾರಿ ನಕ್ಷಾ ಅಂತೀನಿ ನಾ. ನೀವು ಹೆಸರಾದ ಚಿತ್ರಗಾರರು. ನೀವ ಹೇಳ್ರಿ, ಇದು ತಸ್ವೀರೇನು?"

ಅಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೌದೆಂದು ಒಂದು ಮಾತು ಸಾಕಿತ್ತು. ಅಣ್ಣ ಅವರ ಮುಖವನ್ನೇ ನೋಡುತ್ತಿದ್ದ.

"ತಸ್ವೀರು ಅಂದ್ರ ನೋಡಿದ ಕೂಡ್ಲೆ ತಿಳೀಬೇಕ್ರಿ ಸಾಹೇಬ್ರ. ಇದು ನನಗ ತಿಳೀವಲ್ದು" ಎಂದು ಹಾಳೆಯನ್ನು ಕೆಳಗಿಟ್ಟರು.

"ಅಪ್ಪಾ!" ಎಂದು ಕೂಗಿದೆ. ಅಮೀನ ನನ್ನನ್ನು ಹೊರಗೆ ಕಳಿಸಿದ. ಅಣ್ಣನನ್ನು ಗುಲಬರ್ಗಾ ಜೈಲಿಗೆ ಒಯ್ದರು.

ನಿಜಾಮರ ರಾಜ್ಯ ಹೋದ ಮೇಲೆ ಅವನನ್ನು ಬಿಟ್ಟರು. ಬಲಗೈಯ ಬೆರಳುಗಳನ್ನು ಮಡಚಲು ಬರುತ್ತಿರಲಿಲ್ಲ. ಆ ಹಾಳೆ ಮತ್ತೆ ಸಿಗಲೇ ಇಲ್ಲ. ಊರಲ್ಲಿ ಸಭೆ ಮಾಡಿ, ಹೋರಾಟಗಾರರಿಗೆ ಗುಪ್ತ ನಕ್ಷೆ ಬರೆದುಕೊಟ್ಟ ವೀರ ಎಂದು ಅವನಿಗೆ ಮಾಲೆ ಹಾಕಿದರು. ಅಣ್ಣ ಎದ್ದು ನಿಂತ. "ನಾ ನಕ್ಷಾ ಬರದಿಲ್ರಿ. ಗುಡ್ಡದ ಚಿತ್ರ ಬರದೀನಿ" ಅಂದ. ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ವೀರನನ್ನು ಹೆತ್ತವರೆಂದು ಅಪ್ಪನಿಗೂ ಒಂದು ಮಾಲೆ ಬಿತ್ತು. ಅವರು ತಲೆಬಾಗಿ ಹಾಕಿಸಿಕೊಂಡರು.

ಮನೆಗೆ ಬಂದ ಮೇಲೆ ಅಣ್ಣ ಅಪ್ಪನ ಎದುರಿಗೇ ಕೂತು ಕೇಳಿದ: "ಅವತ್ತು ನಿಮಗ ಖರೇನ ತಿಳಿದಿರಲಿಲ್ಲೇನು?"

ಅಪ್ಪ ಕೊರಳಿನ ಮಾಲೆ ತೆಗೆದು ಪಕ್ಕಕ್ಕಿಟ್ಟರು. "ಗುಡ್ಡ ಅಂತ ತಿಳಿದಿತ್ತು" ಅಂದರು. "ಅದನ್ನ ಚಿತ್ರ ಅಂತ ಹ್ಯಾಂಗ ಹೇಳಲಿ?"

ಅಣ್ಣ ನಕ್ಕ. ಅಂಥ ನಗು ನಾನು ಮತ್ತೆಂದೂ ಕೇಳಿಲ್ಲ. ಮರುದಿನವೇ ಯಾದಗಿರಿಗೆ ಹೋಗಿ ಎಣ್ಣೆ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ. ಹಿಡಿದಿದ್ದರೂ ಆ ಬೆರಳುಗಳು ಕೇಳುತ್ತಿರಲಿಲ್ಲ.

ಅಪ್ಪ ಇರುವತನಕ ನಾನೇ ಅಡುಗೆ ಮಾಡಿ ಹಾಕಿದೆ. ದೂರದೂರದಿಂದ ಅವರ ಚಿತ್ರ ಕೊಳ್ಳಲು ಬಂದವರು, "ಎಂಥಾ ಕೈ ನಿಮ್ಮಪ್ಪಂದು!" ಎನ್ನುತ್ತಿದ್ದರು. ಅವರ ಮುಂದೆ ಚಹಾ ಇಟ್ಟು ಒಳಗೆ ಹೋಗುತ್ತಿದ್ದೆ.