ಶಾರ್ಜಾದಿಂದ ಕಾರಡ್ಕಕ್ಕೆ

ಶಾರ್ಜಾದಿಂದ ಮಂಗಳೂರಿಗೆ ಆಕಾಶದಾರಿ ಸುಮಾರು ಎರಡು ಸಾವಿರದ ನಾನೂರೈವತ್ತು ಕಿಲೋಮೀಟರ್. ಕುಂಬಳೆ ಪೇಟೆಯ ಟ್ರಾವೆಲ್ಸ್ ಒಂದರಲ್ಲಿ ಹದಿನೆಂಟು ವರ್ಷದಿಂದ ಟಿಕೆಟ್ ಮಾಡಿಕೊಡುವ ಸೌದಾಮಿನಿಗೆ ಇದು ಬಾಯಿಪಾಠ. ಎಷ್ಟು ಹೊತ್ತು ಬೇಕೆಂದು ಯಾರೇ ಕೇಳಲಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಮೂರೂವರೆ ಗಂಟೆ" ಎನ್ನುವಳು. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಅವಳ ಆ ಗತ್ತು ಅಷ್ಟಕ್ಕಷ್ಟೆ. ಆದರೆ ಟಿಕೆಟಿನಲ್ಲಿ ಅವಳ ಕೈತಪ್ಪು ಕಂಡವರಿಲ್ಲ, ಅದನ್ನೂ ಹೇಳಬೇಕು.

ಕಳೆದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾರಡ್ಕದ ಬೀಫಾತಿಮಾ ತೀರಿಕೊಂಡರು. ಮಗ ಅಜ್ಮಲ್ ಶಾರ್ಜಾದಿಂದ ಅಳುತ್ತಲೇ ಸೌದಾಮಿನಿಗೆ ಫೋನ್ ಮಾಡಿದ. ಅಲ್ಲಿಂದ ಹನ್ನೊಂದಕ್ಕೆ ಹೊರಡುವ ಮಂಗಳೂರು ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಎಷ್ಟು ಹೊತ್ತು ಬೇಕೆಂದು ಅವನು ಕೇಳಿದ, ಇವಳು ಎಂದಿನ ಉತ್ತರ ಕೊಟ್ಟಳು.

ಮಧ್ಯಾಹ್ನ ಒಂದು ಗಂಟೆಗೆ, ಕರೆತರಲು ಯಾರು ಹೋಗಿದ್ದಾರೆಂದು ವಿಚಾರಿಸಲು ಅವಳು ಅವನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಸೋದರಮಾವ ಶಾಹುಲ್ ಹಮೀದ್.

"ಕಾರು ಹೊರಟಾಯ್ತು. ಎರಡೂವರೆಗೆ ಇಳಿತಾನಲ್ಲ? ಅಸರ್ ನಮಾಝ್ ಕಳೆದು ಐದು ಗಂಟೆಗೆ ದಫನ ಅಂತ ಪಳ್ಳಿಯ ಮೈಕಿನಲ್ಲಿ ಹೇಳಿಯೂ ಆಯ್ತು."

ಸೌದಾಮಿನಿ ಕುರ್ಚಿಯಿಂದ ಎದ್ದೇಬಿಟ್ಟಳು. ಅಜ್ಮಲ್ ಹನ್ನೊಂದಕ್ಕೆ ಮೂರೂವರೆ ಕೂಡಿಸಿ ಮನೆಗೆ ತಿಳಿಸಿದ್ದ. ಶಾರ್ಜಾದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹದಿನಾಲ್ಕು ವರ್ಷ ಗಲ್ಫಿನಲ್ಲಿದ್ದವನು ಅದನ್ನು ಮರೆಯುತ್ತಾನೆಯೇ ಎಂದರೆ, ತಾಯಿ ತೀರಿಕೊಂಡ ದಿನ ಮರೆಯುತ್ತಾನೆ. ನೆನಪಿಸಬೇಕಾದವಳು ಇವಳು. ಈಗ ಅವನು ಸಮುದ್ರದ ಮೇಲೆ, ಫೋನ್ ಸಿಗದ ಜಾಗದಲ್ಲಿ.

"ಹಮೀದಾಕ, ಅವನು ಇಳಿಯುವುದು ನಾಲ್ಕು ಗಂಟೆಗೆ. ಮನೆ ಮುಟ್ಟುವಾಗ ಆರು ಕಳೀತದೆ. ದಮ್ಮಯ್ಯ, ಮುಸ್ಸಂಜೆಯ ಮಗ್ರಿಬ್ ನಮಾಝಿನವರೆಗೆ ಕಾಯಿರಿ."

"ಮಯ್ಯತ್ತನ್ನು ಅಷ್ಟು ಹೊತ್ತು ಇಡುವ ಕ್ರಮ ಇಲ್ಲ ಮಾರಾಯ್ತಿ. ಗುಂಡಿ ತೋಡಿ ಆಗಿದೆ, ಜನ ಬರ್ತಾ ಇದ್ದಾರೆ. ಎಲ್ಲರಿಗೆ ನಾನು ಎಂತ ಹೇಳುವುದು?"

"ಟಿಕೆಟಿನವಳು ಸರಿಯಾಗಿ ಹೇಳಲಿಲ್ಲ ಅಂತ ಹೇಳಿ. ನನ್ನ ಹೆಸರೇ ಹೇಳಿ."

ಅವರು "ನೋಡುವ" ಎಂದು ಫೋನ್ ಇಟ್ಟರು. ಸಂಜೆಯವರೆಗೆ ಅವಳು ಒಂದೂ ಟಿಕೆಟ್ ಮಾಡಲಿಲ್ಲ. ನಾನು ತರಿಸಿದ ಚಹಾ ಅಲ್ಲೇ ತಣ್ಣಗಾಯಿತು. ನನಗೂ ಅಂಗಡಿಯಲ್ಲಿ ಕೈ ಓಡಲಿಲ್ಲ, ಪಾಪ ಅನ್ನಿಸಿತು.

ಕಾರಡ್ಕದಿಂದ ಮತ್ತೆ ಫೋನ್ ಬರಲಿಲ್ಲ. ತಾನಾಗಿ ಕೇಳಲು ಇವಳಿಗೆ ಧೈರ್ಯ ಬರಲಿಲ್ಲ.

ವಾರ ಕಳೆದು ಅಜ್ಮಲ್ ಹಿಂತಿರುಗುವ ಟಿಕೆಟಿಗಾಗಿ ಟ್ರಾವೆಲ್ಸಿಗೇ ಬಂದ. ಗಿರಾಕಿಗಳ ಎದುರಿಗೇ ಸೌದಾಮಿನಿ ತನ್ನ ತಪ್ಪು ಒಪ್ಪಿಕೊಂಡಳು.

"ಮಾಮ ಎಲ್ಲ ಹೇಳಿದ್ರು ಅಕ್ಕ," ಎಂದ ಅವನು. "ಆರೂಕಾಲಿಗೆ ಮುಟ್ಟಿದೆ. ಉಮ್ಮನ ಹತ್ತಿರ ಇಪ್ಪತ್ತು ನಿಮಿಷ ಕೂತೆ. ಆಮೇಲೆ ಮುಖ ಮುಚ್ಚಿದ್ರು."