ಹೋಯ್ ಆನ್‌ನಲ್ಲಿ ಶುರುವಾದ ಮೊಣಕಾಲು ನೋವು

ದೀಕ್ಷಾ, ನನ್ನ ಮೊಣಕಾಲಿಗೆ ಯಾವತ್ತೂ ಏನೂ ಆಗಿಲ್ಲ. ಆರು ವರ್ಷದಿಂದ ನಿನ್ನೆದುರು ಕುಂಟುತ್ತಿದ್ದೇನೆ — ಅದು ಶುದ್ಧ ನಾಟಕ. ನಿಜ ಇಷ್ಟೇ ಮಗಳೇ: ನಿನ್ನ ಅಪ್ಪನಿಗೆ ಸೈಕಲ್ ಬಿಡಲು ಬರುವುದಿಲ್ಲ.

ಹೇಗೆ ಹೇಳಲಿ — ಮಕ್ಕಳಿಗೆ ಊರಿನ ಕಷ್ಟ ಗೊತ್ತಾಗಬೇಕೆಂದು ಗಲ್ಫಿನ ಅಪ್ಪಂದಿರು ಕಥೆಗಳಿಗೆ ಒಂದಿಷ್ಟು ಬಣ್ಣ ಹಚ್ಚುತ್ತೇವೆ. ದುಬೈಯ ಸಿಲಿಕಾನ್ ಓಯಸಿಸ್‌ನ ಏಸಿ ಫ್ಲ್ಯಾಟಿನಲ್ಲಿ ಕೂತು ನೀನು ಸ್ಕೂಲ್ ಬಸ್ಸು ತಡವಾಯಿತೆಂದು ಗೊಣಗಿದಾಗಲೆಲ್ಲ, ನಾನು ಕಾಪುವಿನಿಂದ ಉಡುಪಿಯ ಕಾಲೇಜಿಗೆ ದಿನವೂ ಸೈಕಲ್ ತುಳಿದದ್ದನ್ನು ವರ್ಣಿಸುತ್ತಿದ್ದೆ. ದಾರಿ ಮಧ್ಯೆ ಚೈನು ಕಳಚಿದ್ದು, ಲಾರಿಯ ಹಿಂಬದಿ ಹಿಡಿದು ಏರು ಹತ್ತಿದ್ದು — ಅದೆಲ್ಲ ನಿನ್ನ ದೊಡ್ಡಪ್ಪನ ಕಥೆ. ನಾನು ಅವನ ಹಿಂದೆ ಕ್ಯಾರಿಯರ್ ಮೇಲೆ ಕೂತವನು.

ಆ ವರ್ಷ ರಜೆಗೆ ವಿಯೆಟ್ನಾಮಿನ ಹೋಯ್ ಆನ್‌ಗೆ ಹೋಗಿದ್ದೆವಲ್ಲ — ಹಳದಿ ಗೋಡೆಗಳ ಆ ಹಳೆಯ ಬಂದರು ಪಟ್ಟಣಕ್ಕೆ. ಬೆಳಿಗ್ಗೆ ಎದ್ದರೆ ಹೋಮ್‌ಸ್ಟೇ ಅಂಗಳದಲ್ಲಿ ನಮಗಾಗಿ ನಾಲ್ಕು ಸೈಕಲ್. ಅಂದು ನಿನ್ನ ಹನ್ನೆರಡನೇ ಹುಟ್ಟುಹಬ್ಬ. ಗದ್ದೆಗಳ ನಡುವೆ ಸಮುದ್ರದವರೆಗೆ ಸವಾರಿ — ಒಂದು ತಿಂಗಳಿಂದ ನಿನ್ನ ಬಾಯಲ್ಲಿ ಅದೇ ಮಾತು. “ಪಪ್ಪಾ, ಯೂ ಲೀಡ್!” ಎಂದೆ ನೀನು. ನಾನು ಮೊಣಕಾಲು ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ಎಂತ ಆಯ್ತು ಮಾರಾಯ್ರೆ? ಈಗ ಸರಿ ಇದ್ರಲ್ಲ!” ಎಂದಳು ನಿನ್ನಮ್ಮ.

“ಗಂಟು ಹಿಡ್ಕೊಂಡಿತು. ನೀವು ಮೂವರು ಹೋಗಿ ಬನ್ನಿ.”

ಅಷ್ಟಕ್ಕೇ ಮುಗಿಯುತ್ತದೆಂದುಕೊಂಡಿದ್ದೆ. ನೀನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, “ಅಮ್ಮ, ಯೂ ಗೋ. ಪಪ್ಪನ ಒಟ್ಟಿಗೆ ನಾನಿರ್ತೇನೆ” ಎಂದೆ. ಅಮ್ಮ, ತಮ್ಮ ತಿರುವಿನಲ್ಲಿ ಮರೆಯಾಗುವವರೆಗೂ ನೀನು ಅತ್ತಲೇ ನೋಡುತ್ತ ನಿಂತಿದ್ದೆ. ಅದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

ಮುಂದಿನದನ್ನೂ ಹೇಳಲೇಬೇಕು — ಅದು ನನ್ನ ಬದುಕಿನ ಅತ್ಯಂತ ಖುಷಿಯ ದಿನ. ನನ್ನ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ನೀನು ಆ ಓಣಿಗಳಲ್ಲೆಲ್ಲ ಮೆಲ್ಲಗೆ ನಡೆಸಿದೆ. ಸಿಗಡಿ ತುಂಬಿದ ಅಕ್ಕಿ ದೋಸೆಯನ್ನು ಇಬ್ಬರೂ ಪೈಪೋಟಿಗೆ ಬಿದ್ದು ತಿಂದೆವು. ದರ್ಜಿ ಅಂಗಡಿಯಲ್ಲಿ ಉದ್ದದ ನಿಲುವಂಗಿ ತೊಟ್ಟು ನೀನು ಕನ್ನಡಿ ಮುಂದೆ ಗಿರಗಿರನೆ ತಿರುಗಿದಾಗ ಅಂಗಡಿಯ ಹೆಂಗಸೂ ಚಪ್ಪಾಳೆ ತಟ್ಟಿದಳು. ದೋಣಿ ಹತ್ತುವಾಗ ನಾನು ಮರೆತು ಇನ್ನೊಂದು ಕಾಲನ್ನು ಕುಂಟಿಸಿದೆ. “ಅಯ್ಯೋ ಪಪ್ಪಾ, ಆ ಕಾಲಿಗೂ ಬಂತಾ?” ಎಂದು ನೀನು ಗಾಬರಿಯಾದೆ. ನನಗೆ ನಗು ತಡೆಯಲಾಗಲಿಲ್ಲ. ಏಕೆಂದು ತಿಳಿಯದೆಯೇ ನೀನೂ ಬಿದ್ದು ಬಿದ್ದು ನಕ್ಕೆ. ನಿನ್ನ ಹುಟ್ಟುಹಬ್ಬವನ್ನು ಕದ್ದು ನಾನು ಅಷ್ಟೊಂದು ಸಂತೋಷಪಟ್ಟೆನಲ್ಲ — ನನ್ನನ್ನು ಹೆಚ್ಚು ಚುಚ್ಚುವುದು ಅದೇ.

ದುಬೈಗೆ ಮರಳಿದ ಮೇಲೆ ಆ ನೋವನ್ನು ಬಿಡುವ ದಾರಿಯೇ ತೋಚಲಿಲ್ಲ. ನೀನು ಮುಲಾಮು ತಂದೆ, ದಿನಸಿ ಚೀಲಗಳನ್ನೆಲ್ಲ ನೀನೇ ಹೊತ್ತೆ. ನಾನೋ — ಜೆಬೆಲ್ ಅಲಿಗೆ ಹೋಗುವ ಕಂಪನಿ ಬಸ್ಸು ಹಿಡಿಯಲು, ನಮ್ಮ ಬಾಲ್ಕನಿಗೆ ಕಾಣದಷ್ಟು ದೂರ ಹೋದ ಕೂಡಲೇ ದಿನವೂ ಓಡುತ್ತೇನೆ. ಎಷ್ಟೋ ಸಲ ನಿನಗೆ ಹೇಳಬೇಕೆಂದು ಬಂದು... ನೀರು ಕುಡಿದು ಹೋಗಿದ್ದೇನೆ.

ನಿನ್ನೆ ಅಡುಗೆಮನೆಯಲ್ಲಿ ನೀನು ಅಮ್ಮನಿಗೆ ಹೇಳಿದ್ದು ಕೇಳಿಸಿತು: “ಅಹಮದಾಬಾದ್ ಬೇಡಮ್ಮ. ಪಪ್ಪನ ಕಾಲು ಹೀಗಿರುವಾಗ ಹೇಗೆ ಹೋಗುದು? ಇಲ್ಲೇ ಎಲ್ಲಿಯಾದ್ರೂ ಸೇರ್ತೇನೆ.” ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಗಳಿಸಿದ, ಅಲ್ಲಿನ ಕಾಲೇಜಿನ ಐದು ವರ್ಷದ ಕೋರ್ಸಿನ ಸೀಟು ಅದು. ಅದನ್ನು ಬಿಡುತ್ತಿರುವುದು — ಇಲ್ಲದ ನೋವಿಗಾಗಿ.

ನಾಚಿಕೆಗೆ ಹೇಳಿದ ಸುಳ್ಳು, ಇದಕ್ಕೆ ಬೇರೆ ಹೆಸರಿಲ್ಲ. ಸಿಟ್ಟು ಬಂದರೆ ಬರಲಿ, ಮಾತು ಬಿಟ್ಟರೂ ಬಿಡು — ಆದರೆ ಬರುತ್ತೇನೆಂದು ಆ ಕಾಲೇಜಿಗೆ ಇವತ್ತೇ ಬರೆ. ನಿನ್ನ ಒಂದು ದಿನವನ್ನು ಕದ್ದೆ. ಐದು ವರ್ಷ ಕದಿಯಲಾರೆ. ಈ ಪತ್ರ ಓದಿ ಮುಗಿಸಿ ಕೋಣೆಯಿಂದ ಹೊರಗೆ ಬಾ ಮಗಳೇ. ಹಾಲ್‌ನಲ್ಲಿ ನಿಂತಿದ್ದೇನೆ — ಎರಡೂ ಕಾಲ ಮೇಲೆ.