ಕುಂದಲಹಳ್ಳಿಯ ಕೊಪ್ಪರಿಗೆ ಸೊಣ್ಣಮ್ಮ

ಕುಂದಲಹಳ್ಳಿಯ ಹಳೇ ಊರಿನ ಓಣಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಕರಕರ ಸದ್ದು. ದೊಡ್ಡದೊಂದು ತಾಮ್ರದ ಕೊಪ್ಪರಿಗೆಯೊಳಗೆ ಅರ್ಧ ಮೈ ತೂರಿಸಿ ಸೊಣ್ಣಮ್ಮ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದಾರೆ. ಓಣಿಯಾಚೆ ಕಂಪನಿ ಕ್ಯಾಬುಗಳ ಹಾರ್ನ್ ಸದ್ದು. "ಕೈ ನಿಂತ್ರೆ ಕಲೆ ನಿಂತ್ಕಂಬುಡ್ತದೆ ಸಾರ್, ಇಂಗೇ ಮಾತಾಡಿ" ಎನ್ನುತ್ತದೆ ಒಳಗಿನ ದನಿ. ನಾನು ಕೊಪ್ಪರಿಗೆಯ ಜೊತೆಗೇ ಸಂದರ್ಶನ ಶುರು ಮಾಡುತ್ತೇನೆ.

ಅರವತ್ತರ ಅಂಚಿನ ಸೊಣ್ಣಮ್ಮ ಊರಿನ ಪಾತ್ರೆಗಳನ್ನು ಕಾಯುವವರು. ಹಿಂದೆ ಮನೆಮನೆಯವರೂ ವಂತಿಗೆ ಹಾಕಿ ಕೊಂಡ ಕೊಪ್ಪರಿಗೆ, ಕೊಳಗ, ಸೌಟು, ಐನೂರು ಸ್ಟೀಲ್ ತಟ್ಟೆಗಳು ಅರಳಿಕಟ್ಟೆ ಪಕ್ಕದ ಕೋಣೆಯಲ್ಲಿರುತ್ತವೆ. ಮದುವೆ, ನಾಮಕರಣ, ತಿಥಿ ಏನೇ ಇದ್ದರೂ ಪುಕ್ಕಟೆ ಒಯ್ಯಬಹುದು. ಒಂದೇ ಕಟ್ಟಳೆ: ಪಾತ್ರೆ ಬರಿದಾಗಿ ಮರಳಬಾರದು, ಒಂದು ಹಿಡಿ ಅಕ್ಕಿಯೋ ಬೆಲ್ಲದ ಚೂರೋ ಇರಬೇಕು. ಸೊಣ್ಣಮ್ಮನ ಸಂಬಳವೂ ಅದೇ. ಹೊಟ್ಟೆಪಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಾರೆ.

ಭೂಮಿ ಬಿಸಿಯೇರುತ್ತಿದೆ, ವಸ್ತುಗಳ ತಯಾರಿಕೆಯನ್ನೇ ತಗ್ಗಿಸಬೇಕು, ಹಂಚಿಕೊಂಡು ಬಾಳುವ ಸಮಾಜ ಕಟ್ಟಬೇಕು ಎಂದು ಕಳೆದ ವಾರ ವೈಟ್‌ಫೀಲ್ಡಿನ ವಿಚಾರಗೋಷ್ಠಿಯೊಂದರಲ್ಲಿ ಕೇಳಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಉಂಡು ಬಂದಿದ್ದೆ. ಅದನ್ನು ಹೇಳಿದರೆ ಸೊಣ್ಣಮ್ಮ ತಲೆ ಹೊರಗೆ ಹಾಕುತ್ತಾರೆ. "ಊರಿಗೊಂದು ಕೊಪ್ಪರಿಗೆ ಸಾಕು ಅಂತ ತಾನೆ? ಮನೆಗೊಂದು ಮಾಡಿ ಎಲ್ಲಿ ಇಕ್ಕಂತಾರೆ?"

ಆದರೆ ಊರೇ ಕೊಪ್ಪರಿಗೆಯನ್ನು ಮರೆಯಿತು. ಕೇಟರಿಂಗ್‌ನವರು ತಟ್ಟೆ ಸಮೇತ ಬರುತ್ತಾರೆ, ಉಂಡೆಸೆದ ತಟ್ಟೆಗಳನ್ನು ಖಾಲಿ ಸೈಟಿನಲ್ಲಿ ಸುಡುತ್ತಾರೆ. ಪಾತ್ರೆಗಳನ್ನು ಗುಜರಿಗೆ ಹಾಕಿ ಕೋಣೆಯನ್ನು ಎಟಿಎಂಗೆ ಬಾಡಿಗೆ ಕೊಡೋಣ ಎಂದು ಊರ ಯಜಮಾನ ಮುನೀಂದ್ರ ಹೋದ ವರ್ಷ ಮಾತೆತ್ತಿದರು. ಅವರದೂ ತಪ್ಪಲ್ಲ, ಕೇಳುವವರೇ ಇರಲಿಲ್ಲ. ಸೊಣ್ಣಮ್ಮನಿಗೆ ಮಾತ್ರ ಅನ್ನ ಸೇರಲಿಲ್ಲ.

ಆಗ ಬಂದವರು ದುರ್ಗವ್ವ. ರಾಯಚೂರು ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುತ್ತ ತಗಡಿನ ಶೀಟು ಹೊದಿಸಿದ ಕೋಣೆಯಲ್ಲಿರುವ ಹೆಂಗಸು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಊಟಕ್ಕೆ ಪಾತ್ರೆ ಬೇಕಿತ್ತು. ಹೊರಗಿನವರಿಗೆ ಕೊಡುವ ವಾಡಿಕೆ ಇರಲಿಲ್ಲ, ಸೊಣ್ಣಮ್ಮ ಕೊಟ್ಟರು. ಮರುದಿನ ಪಾತ್ರೆ ಫಳಫಳ ಹೊಳೆಯುತ್ತ ಬಂತು, ಬರಿದಾಗಿ! ಊರಿನ ಕಟ್ಟಳೆ ದುರ್ಗವ್ವನಿಗೆ ಗೊತ್ತಿರಲಿಲ್ಲ. ಬಾಯಿಬಿಟ್ಟು ಹೇಳಲು ಸೊಣ್ಣಮ್ಮನಿಗೆ ಸಂಕೋಚ. ತಾವೇ ಅದಕ್ಕೆ ಅಕ್ಕಿ ಹಾಕಿಕೊಂಡು ದುರ್ಗವ್ವನ ಬಾಗಿಲಿಗೆ ಹೋದರು, ಅವರ ಕೈಯಿಂದಲೇ ಅಕ್ಕಿ ಸಮೇತ ಇನ್ನೊಮ್ಮೆ ಈಸಿಕೊಂಡರಾಯಿತು ಎಂದು. ದುರ್ಗವ್ವ ಕೆರಳಿದರು: "ನಾವು ದುಡುದು ಉಣ್ಣೋ ಮಂದಿ ಯವ್ವಾ, ನಿನ್ನ ಅಕ್ಕಿ ನಮಗ್ಯಾಕ?" ವಿಷಯ ತಿಳಿದ ಮೇಲೆ ಇಬ್ಬರೂ ನಕ್ಕೂ ನಕ್ಕೂ ಸುಸ್ತು. ಅಂದಿನಿಂದ ಪಾತ್ರೆಯಲ್ಲಿ ಜೋಳದ ರೊಟ್ಟಿ ಬರುತ್ತಿದೆ. ಶೀಟಿನ ಕೋಣೆಗಳ ಸಾಲಿನಲ್ಲೆಲ್ಲ ಸುದ್ದಿ ಹಬ್ಬಿ, ಈಗ ವಾರಕ್ಕೆ ಮೂರ್ನಾಲ್ಕು ಮನೆಯವರು ಪಾತ್ರೆ ಕೇಳುತ್ತಾರೆ.

ಹೋದ ತಿಂಗಳು ಮುನೀಂದ್ರ ಕೊನೆಗೂ ಗುಜರಿಯವನನ್ನು ತಕ್ಕಡಿ ಸಮೇತ ಕರೆತಂದರು. ಬೀಗ ತೆಗೆದರೆ ಒಳಗೆ ಒಂದು ಸೌಟೂ ಇಲ್ಲ. ಎಲ್ಲವೂ ಶೀಟಿನ ಮನೆಯವರ ಮದುವೆಗೆ ಹೋಗಿದ್ದವು. ಒಲೆಯ ಮೇಲಿದ್ದ ಅನ್ನದ ಕೊಳಗವನ್ನು ಇಳಿಸಿ ಕೊಡಿ ಎನ್ನುವಷ್ಟು ಕಲ್ಲೆದೆ ಮುನೀಂದ್ರರದಲ್ಲ. ಗುಜರಿಯವನಿಗೆ ಕಾಫಿ ಕುಡಿಸಿ ಕಳಿಸಿದರು. ಎಟಿಎಂ ಮಾತು ಇನ್ನೂ ಮುಗಿದಿಲ್ಲ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಸೊಣ್ಣಮ್ಮ ಕೊಪ್ಪರಿಗೆಯನ್ನು ಎಳೆಬಿಸಿಲಿಗೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಯಜಮಾನ್ರು ಯಾವತ್ತು ಬಂದು ಬೀಗ ತೆಗುದ್ರೂ ಆ ರೂಮು ಕಾಲೀನೇ ಇರ್ಬೇಕು ಸಾರ್. ಅಷ್ಟೇ."